ಲಿವರ್ ಕೊಡಲು ಹೊರಟವರ ಲಿವರಿನ ಚಿಂತೆ ಯಾರಿಗೆ?

ಲಿವರ್ ಬದಲಾಯಿಸುವ ಚಿಕಿತ್ಸೆಗೆ ಸಹಾಯ ಕೋರುವ ಮನವಿಗಳು ನಮ್ಮ ಗಡಿನಾಡಿನ ಊರುಗಳಲ್ಲಿ ಈಗ ಅಪರೂಪವಲ್ಲ. ಭಾನುವಾರ ಬಲಿಪೂಜೆಯ ಬಳಿಕ ಪ್ರಕಟಣೆಯಾಗುತ್ತದೆ. ವಾಳೆಯ ಗುರಿಕಾರರು ಪಟ್ಟಿ ಹಿಡಿದು ಮನೆಮನೆಗೆ ಬರುತ್ತಾರೆ. ಗಲ್ಫಿನಲ್ಲಿರುವ ಮಕ್ಕಳಿಗೆ ಫೋನು ಹೋಗುತ್ತದೆ. ಖಾಸಗಿ ಆಸ್ಪತ್ರೆಗಳಲ್ಲಿ ಖರ್ಚು 20 ಲಕ್ಷ ರೂಪಾಯಿ ದಾಟುವುದು ಸಾಮಾನ್ಯವಾದ್ದರಿಂದ ಅಡಿಕೆ ತೋಟದ ಒಂದು ತುಂಡು ಮಾರುವ ಮಾತೂ ಬರುತ್ತದೆ. ಹಣದ ವಿಷಯದಲ್ಲಿ ನಮ್ಮ ಜನ ಕೈ ಹಿಂದೆಗೆಯುವವರಲ್ಲ, ಅದನ್ನು ಒಪ್ಪಲೇಬೇಕು. ಆದರೆ ಹಣಕ್ಕಿಂತ ಮೊದಲು ಒದಗಬೇಕಾದದ್ದು ಕೊಡುವ ಮನುಷ್ಯ. ಬರೇ ಮನಸ್ಸು ಇದ್ದರೆ ಸಾಲದು, ಕೊಡಲು ತಕ್ಕ ಲಿವರ್ ಕೂಡ ಅವನಲ್ಲಿರಬೇಕು. ಅಲ್ಲಿಗೆ ಬಂದಾಗ ಅನೇಕ ಮನೆಗಳ ಲೆಕ್ಕ ತಲೆಕೆಳಗಾಗುತ್ತದೆ.

ನಡೆಯುವುದು ಸಾಮಾನ್ಯವಾಗಿ ಹೀಗೆ. ತಂದೆಯ ಲಿವರ್ ಪೂರ್ತಿ ಕೆಟ್ಟಿದೆ, ಬದಲಾಯಿಸದೆ ಉಪಾಯವಿಲ್ಲ ಎಂದು ಡಾಕ್ಟರು ಹೇಳುತ್ತಾರೆ. ಮೂವತ್ತೈದರ ಹಿರಿಯ ಮಗ "ನಾನು ಕೊಡುತ್ತೇನೆ" ಎಂದು ಮುಂದೆ ಬರುತ್ತಾನೆ. ಅವನಿಗೆ ಕುಡಿತವಿಲ್ಲ, ಬೀಡಿಯಿಲ್ಲ, ಜ್ವರವೆಂದು ಒಂದು ದಿನ ಮಲಗಿದವನಲ್ಲ. ರಕ್ತದ ಗುಂಪು ಹೊಂದುತ್ತದೆ. ಮನೆಯವರಿಗೆ ಅರ್ಧ ಭಾರ ಇಳಿದಂತಾಗುತ್ತದೆ. ಆದರೆ ಸ್ಕ್ಯಾನಿಂಗ್ ಆದ ಮೇಲೆ ಡಾಕ್ಟರು, "ನಿಮ್ಮ ಲಿವರಿನಲ್ಲಿಯೇ ಕೊಬ್ಬು ಹೆಚ್ಚಿದೆ, ಸದ್ಯ ತೆಗೆಯುವ ಹಾಗಿಲ್ಲ" ಎಂದುಬಿಡುತ್ತಾರೆ. ಊರಿನಲ್ಲಿ ಗುಸುಗುಸು ಸುರುವಾಗುತ್ತದೆ: ಅವನಿಗೆ ಮನಸ್ಸಿರಲಿಲ್ಲವಂತೆ, ಹೆಂಡತಿ ಬಿಡಲಿಲ್ಲವಂತೆ. ಮನೆಯವರು ತರಾತುರಿಯಿಂದ ತಾಯಿಯನ್ನೋ ಮಗಳನ್ನೋ ಪರೀಕ್ಷೆಗೆ ಕರೆದೊಯ್ಯುತ್ತಾರೆ. ಹಿರಿಯ ಮಗ ಮರಳಿ ಬಂದು ತೋಟದ ಕೆಲಸಕ್ಕೆ ನಿಲ್ಲುತ್ತಾನೆ. ಅವನ ಲಿವರಿನಲ್ಲಿ ಕಂಡದ್ದೇನು, ಅದಕ್ಕೇನು ಮಾಡಬೇಕು ಎಂದು ಆ ಬಳಿಕ ಯಾರೂ ಕೇಳುವುದಿಲ್ಲ. ಅವನೂ ಕೇಳುವುದಿಲ್ಲ.

ನಮ್ಮ ಮನೆಗಳು ಎಡವುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಆಸ್ಪತ್ರೆಯವರು ಹಿಂದೆ ಕಳುಹಿಸಿದ ದಾನಿ ಪರೀಕ್ಷೆಯಲ್ಲಿ ನಪಾಸಾದ ಹುಡುಗನಲ್ಲ. ಅವನು ಆ ಮನೆಯ ಎರಡನೆಯ ರೋಗಿ. ಮೊದಲನೆಯ ರೋಗಿಯ ಗಡಿಬಿಡಿಯಲ್ಲಿ ಅವನನ್ನು ಮರೆಯುವುದು ಅನ್ಯಾಯ. ಮಾತ್ರವಲ್ಲ, ಅವನಲ್ಲಿ ಕಂಡ ಕೊಬ್ಬು ಅನೇಕ ವೇಳೆ ಒಂದೆರಡು ತಿಂಗಳ ಶಿಸ್ತಿನಲ್ಲಿ ಕರಗುವಂಥದ್ದು ಎಂಬುದನ್ನು ತಿಳಿಯದೆ ಕೈಬಿಡುವುದು ರೋಗಿಗೂ ನಷ್ಟ.

ಈ ಚಿಕಿತ್ಸೆಯ ಹಿನ್ನೆಲೆಯನ್ನು ತುಸು ನೋಡೋಣ. ಸತ್ತವರ ಲಿವರನ್ನು ಇನ್ನೊಬ್ಬರಿಗೆ ಜೋಡಿಸುವ ಪ್ರಯತ್ನವನ್ನು 1963ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಡಾ. ಥಾಮಸ್ ಸ್ಟಾರ್ಜಲ್ ಆರಂಭಿಸಿದರು. ಬದುಕಿರುವವರ ಲಿವರಿನಿಂದ ಒಂದು ಭಾಗವನ್ನು ತೆಗೆದು ಜೋಡಿಸುವ ಕೆಲಸ ಮೊದಲು ಯಶಸ್ವಿಯಾದದ್ದು 1989ರಲ್ಲಿ, ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ. ಅಲ್ಲಿ ತಾಯಿಯೊಬ್ಬಳು ತನ್ನ ಮಗುವಿಗೆ ಕೊಟ್ಟಳು. 1993ರಲ್ಲಿ ಜಪಾನಿನ ವೈದ್ಯರು ದೊಡ್ಡವರಿಂದ ದೊಡ್ಡವರಿಗೂ ಇದು ಸಾಧ್ಯವೆಂದು ತೋರಿಸಿದರು. ನಮ್ಮ ದೇಶದಲ್ಲಿ 1994ರಲ್ಲಿ ಅಂಗಾಂಗ ಕಸಿ ಕಾನೂನು ಬಂತು. 1998ರಲ್ಲಿ ದೆಹಲಿಯಲ್ಲಿ ತಂದೆಯ ಲಿವರಿನ ಒಂದು ಭಾಗವನ್ನು ಪುಟ್ಟ ಮಗುವಿಗೆ ಜೋಡಿಸಿ ಯಶಸ್ಸು ಕಂಡರು. ಇಂದು ಭಾರತದಲ್ಲಿ ನಡೆಯುವ ಲಿವರ್ ಬದಲಾವಣೆಗಳಲ್ಲಿ ಬಹುಪಾಲು ಬದುಕಿರುವ ಸಂಬಂಧಿಕರು ಕೊಟ್ಟದ್ದು. ಮೆದುಳು ಸತ್ತವರಿಂದ ಪಡೆಯುವ ವ್ಯವಸ್ಥೆ ಕೇರಳದಲ್ಲಿ 2012ರಲ್ಲಿ ಮೃತಸಂಜೀವನಿ ಎಂಬ ಹೆಸರಿನಲ್ಲಿ ಆರಂಭವಾಯಿತಾದರೂ 2017ರಿಂದ ಅಂಥ ದಾನಗಳು ಬಹಳ ಇಳಿದುಹೋದವು. ಹಾಗಾಗಿ ಹೊರೆಯೆಲ್ಲ ಮನೆಯವರ ಮೇಲೆ.

ದೊಡ್ಡವರಿಗೆ ಕೊಡುವಾಗ ಹೆಚ್ಚಾಗಿ ಲಿವರಿನ ಬಲಭಾಗವನ್ನು ತೆಗೆಯುತ್ತಾರೆ. ಅದು ಒಟ್ಟು ಲಿವರಿನ 100ರಲ್ಲಿ 60 ಪಾಲಿಗಿಂತ ಹೆಚ್ಚು. ಉಳಿದ ಭಾಗ ದಾನಿಯ ಹೊಟ್ಟೆಯಲ್ಲಿ ಎರಡು ಮೂರು ತಿಂಗಳೊಳಗೆ ಬಹುಮಟ್ಟಿಗೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ. ದೇವರು ಈ ಗುಣವನ್ನು ಇಷ್ಟರ ಮಟ್ಟಿಗೆ ಬೇರೆ ಯಾವ ಒಳ ಅಂಗಕ್ಕೂ ಕೊಟ್ಟಿಲ್ಲ. ಆದರೆ ಬೆಳೆಯುವ ತನಕ ಸಾಗಬೇಕಲ್ಲ. ದಾನಿಯಲ್ಲಿ ಕನಿಷ್ಠ 30ರಿಂದ 35 ಪಾಲು ಉಳಿಯಬೇಕು, ರೋಗಿಗೆ ಅವನ ದೇಹತೂಕದ 0.8 ಶೇಕಡಾದಷ್ಟಾದರೂ ಸಿಗಬೇಕು ಎಂಬುದು ವೈದ್ಯರ ಸಾಮಾನ್ಯ ಲೆಕ್ಕ. ಅಂದರೆ 60 ಕಿಲೊ ತೂಗುವ ರೋಗಿಗೆ ಸುಮಾರು 480 ಗ್ರಾಂ ಬೇಕು.

ಈಗ ಕೊಬ್ಬಿನ ಮಾತು. ಕೊಪ್ಪರವನ್ನೋ ಕರಿಮೆಣಸನ್ನೋ ಅಂಗಡಿಗೆ ಒಯ್ದಾಗ ವ್ಯಾಪಾರಿ ತಕ್ಕಡಿಯಲ್ಲಿ ಕಂಡ ತೂಕಕ್ಕೆಲ್ಲ ಹಣ ಕೊಡುತ್ತಾನೆಯೇ? ಪಸೆ ಎಷ್ಟಿದೆ ಎಂದು ನೋಡಿ ಅಷ್ಟನ್ನು ಕಳೆಯುತ್ತಾನೆ. ಲಿವರಿನಲ್ಲೂ ಹಾಗೆಯೇ. ಸ್ಕ್ಯಾನಿನಲ್ಲಿ 600 ಗ್ರಾಂ ಕಂಡರೂ ಅದರಲ್ಲಿ ಕೊಬ್ಬು ತುಂಬಿದ್ದರೆ ದುಡಿಯುವ ಭಾಗ ಅಷ್ಟಿರುವುದಿಲ್ಲ. ಇಷ್ಟಕ್ಕೇ ಮುಗಿಯುವುದಿಲ್ಲ. ಪಸೆಯಿದ್ದ ಮೆಣಸು ಬೂಷ್ಟು ಹಿಡಿಯುವಂತೆ, ಕೊಬ್ಬು ತುಂಬಿದ ಲಿವರ್ ಶಸ್ತ್ರಕ್ರಿಯೆಯ ಏಟನ್ನು ತಾಳುವುದಿಲ್ಲ. ಕತ್ತರಿಸಿ ತೆಗೆದಾಗ ಸ್ವಲ್ಪ ಹೊತ್ತು ಅದಕ್ಕೆ ರಕ್ತವಿರುವುದಿಲ್ಲ, ಮತ್ತೆ ಜೋಡಿಸಿದಾಗ ಒಮ್ಮೆಲೆ ರಕ್ತ ನುಗ್ಗುತ್ತದೆ. ಆರೋಗ್ಯವಂತ ಲಿವರ್ ಇದನ್ನು ಸಹಿಸುತ್ತದೆ. ಕೊಬ್ಬಿನ ಹನಿಗಳಿಂದ ಉಬ್ಬಿದ ಕಣಗಳಿಗೆ ಅದು ಕಷ್ಟ. ರೋಗಿಯ ದೇಹದಲ್ಲಿ ಹೊಸ ಲಿವರ್ ಕೆಲಸವನ್ನೇ ಆರಂಭಿಸದೆ ಇರಬಹುದು. ದಾನಿಯಲ್ಲಿ ಉಳಿದ ತುಂಡು ಕೂಡ ಸರಿಯಾಗಿ ಬೆಳೆಯದೆ ಇರಬಹುದು. ಒಬ್ಬನನ್ನು ಉಳಿಸಲು ಹೋಗಿ ಇಬ್ಬರನ್ನು ಕಳೆದುಕೊಳ್ಳುವ ಅಪಾಯವಿದೆ ಎಂದೇ ವೈದ್ಯರು ಹಿಂಜರಿಯುವುದು.

ಲಿವರಿನ ಕಣಗಳಲ್ಲಿ 100ಕ್ಕೆ 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ಇದ್ದರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. 10ರ ಒಳಗಿದ್ದರೆ ದಾನಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. 10ರಿಂದ 30ರ ನಡುವೆ ಇದ್ದರೆ ದಾನಿಯ ವಯಸ್ಸು, ಉಳಿಯುವ ಭಾಗ, ರೋಗಿಯ ಸ್ಥಿತಿ ಎಲ್ಲವನ್ನೂ ತೂಗಿ ನೋಡುತ್ತಾರೆ. 30 ದಾಟಿದರೆ ಬಹುತೇಕ ಕಡೆ ಬೇಡವೆನ್ನುತ್ತಾರೆ. ಆಸ್ಪತ್ರೆಯಿಂದ ಆಸ್ಪತ್ರೆಗೆ ಸ್ವಲ್ಪ ವ್ಯತ್ಯಾಸವಿದೆ. ಇದನ್ನು ಅಳೆಯಲು ಸಿ.ಟಿ. ಸ್ಕ್ಯಾನಿನಲ್ಲಿ ಲಿವರನ್ನು ಪಕ್ಕದ ಗುಲ್ಮದೊಂದಿಗೆ ಹೋಲಿಸಿ ನೋಡುತ್ತಾರೆ. ಎಂ.ಆರ್.ಐ.ಯಲ್ಲಿ ಕೊಬ್ಬಿನ ಪ್ರಮಾಣ ಇನ್ನೂ ನಿಖರವಾಗಿ ತಿಳಿಯುತ್ತದೆ. ಸಂಶಯ ಉಳಿದರೆ ಸೂಜಿಯಿಂದ ಒಂದು ಎಳೆ ತೆಗೆದು ಬಯಾಪ್ಸಿ ಮಾಡುತ್ತಾರೆ. ಇಲ್ಲಿ ಒಂದು ಮಾತು ನೆನಪಿಡಿ: ರಕ್ತ ಪರೀಕ್ಷೆಯ ಎಸ್.ಜಿ.ಪಿ.ಟಿ. ಸರಿಯಾಗಿದೆ ಎಂದ ಮಾತ್ರಕ್ಕೆ ಲಿವರಿನಲ್ಲಿ ಕೊಬ್ಬಿಲ್ಲ ಎಂದಲ್ಲ. ಸಾಧಾರಣ ಅಲ್ಟ್ರಾಸೌಂಡಿನಲ್ಲೂ ಅಲ್ಪಸ್ವಲ್ಪ ಕೊಬ್ಬು ಕಾಣಿಸದೆ ಹೋಗಬಹುದು. "ಆರು ತಿಂಗಳ ಹಿಂದೆ ಚೆಕಪ್ಪಿನಲ್ಲಿ ಎಲ್ಲ ಸರಿಯಿತ್ತಲ್ಲ" ಎಂದು ಡಾಕ್ಟರೊಡನೆ ವಾದಿಸುವವರು ಇದನ್ನು ತಿಳಿದಿರುವುದು ಒಳ್ಳೆಯದು.

ದುಡಿದು ತಿನ್ನುವ ನಮಗೆ ಲಿವರಿನಲ್ಲಿ ಕೊಬ್ಬು ಎಲ್ಲಿಂದ ಎಂದು ಕೇಳುವವರಿದ್ದಾರೆ. ಹಟ್ಟಿಯಲ್ಲಿ ಮಿಶ್ರತಳಿಯ ದನ ಇರುವವರಿಗೆ ಉತ್ತರ ಅಲ್ಲಿಯೇ ಇದೆ. ಗಬ್ಬದ ದನವನ್ನು ಹಟ್ಟಿಯಲ್ಲೇ ಕಟ್ಟಿಹಾಕಿ, ಹಾಲು ಬತ್ತಿದ ತಿಂಗಳುಗಳಲ್ಲಿ ಹಿಂಡಿಯನ್ನು ಧಾರಾಳವಾಗಿ ತಿನ್ನಿಸಿ ಮೈತುಂಬಿಸಿದರೆ ಏನಾಗುತ್ತದೆ? ಕರು ಹಾಕಿದ ಬಳಿಕ ಅದು ಮೇವು ಮುಟ್ಟುವುದಿಲ್ಲ, ಹಾಲು ಇಳಿಯುತ್ತದೆ, ದನ ಸೊರಗುತ್ತದೆ. ಮೈಯ ಕೊಬ್ಬು ಕರಗಿ ಲಿವರಿಗೆ ನುಗ್ಗಿ ಅಲ್ಲಿ ಕಟ್ಟಿಕೊಳ್ಳುವುದೇ ಇದಕ್ಕೆ ಕಾರಣವೆಂದು ಪಶುವೈದ್ಯರು ಹೇಳುತ್ತಾರೆ. ಪಂಜರದಲ್ಲಿ ಕೂಡಿಟ್ಟು ಮೊಟ್ಟೆಗಾಗಿ ಸಾಕುವ ಕೋಳಿಗಳಲ್ಲೂ ಲಿವರಿಗೆ ಕೊಬ್ಬು ತುಂಬಿ ಒಮ್ಮೆಲೆ ಸಾಯುವ ರೋಗವಿದೆ. ದನವಾಗಲಿ ಕೋಳಿಯಾಗಲಿ ಸಾರಾಯಿ ಕುಡಿದದ್ದಲ್ಲ. ತಿಂದದ್ದು ಹೆಚ್ಚು, ನಡೆದದ್ದು ಕಡಿಮೆ, ಅಷ್ಟೆ.

ನಮ್ಮ ದುಡಿಮೆಯೂ ಹಿಂದಿನದ್ದಲ್ಲ. ಗದ್ದೆಗಳು ತೋಟವಾದವು. ಏತ ಹೋಗಿ ಪಂಪು ಬಂತು, ಪಂಪಿನ ಹಿಂದೆ ಸ್ಪ್ರಿಂಕ್ಲರ್ ಬಂತು. ಹುಲ್ಲು ಹೆರೆಯಲು ಯಂತ್ರ, ಗೊಬ್ಬರ ಸಾಗಿಸಲು ಪಿಕಪ್, ತೋಟದ ಆಚೆ ತುದಿಗೆ ಹೋಗಲು ಬೈಕು. ಇದರಲ್ಲಿ ತಪ್ಪೇನೂ ಇಲ್ಲ, ಆಳು ಸಿಗದ ಕಾಲದಲ್ಲಿ ಯಂತ್ರ ಬೇಕು. ಆದರೆ ಏತ ಎಳೆಯುತ್ತಿದ್ದ ಅಜ್ಜನ ಬಟ್ಟಲಿನಷ್ಟೇ ಅನ್ನವನ್ನು ಪಂಪಿನ ಗುಂಡಿ ಒತ್ತುವ ಮೊಮ್ಮಗನೂ ಉಂಡರೆ ಆ ಅನ್ನ ಎಲ್ಲಿಗೆ ಹೋಗಬೇಕು? ಹೆಚ್ಚಾದ ಪಿಷ್ಟವನ್ನೂ ಸಕ್ಕರೆಯನ್ನೂ ಲಿವರ್ ಕೊಬ್ಬಾಗಿ ಮಾರ್ಪಡಿಸಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ. ಅಜ್ಜ ಕಾಣದಿದ್ದ ಬೇಕರಿ ತಿಂಡಿ, ಪೊರೋಟ, ಬಾಟಲಿಯ ಸಿಹಿ ಪಾನೀಯ ಇದರ ಮೇಲೆ. ದಿನಕ್ಕೆ ಐದು ಲೋಟ ಚಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದಿಟ್ಟುಕೊಳ್ಳಿ. ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೊ, ಅದೂ ಒಬ್ಬನ ಹೊಟ್ಟೆಗೆ. ರೋಸ್, ಮದುವೆ, ಮನೆ ಒಕ್ಕಲುಗಳ ಗ್ಲಾಸಿನ ವಿಷಯವನ್ನು ಈ ಅಂಕಣದಲ್ಲಿ ಎತ್ತಿದರೆ ಓದುವವರು ಪುಟ ತಿರುಗಿಸುತ್ತಾರೆಂದು ಗೊತ್ತು. ಆದ್ದರಿಂದ ಇಷ್ಟೇ ಹೇಳುತ್ತೇನೆ: ಕೊಬ್ಬಿದ್ದ ಲಿವರಿಗೆ ಮದ್ಯ ಬಿದ್ದರೆ ಹಾನಿ ಇಮ್ಮಡಿಯಾಗುತ್ತದೆ, ದಾನಿಯಾಗುವವನು ಅದನ್ನು ಪೂರ್ತಿ ಬಿಡಲೇಬೇಕು.

ಭಾರತದ ಅನೇಕ ಅಧ್ಯಯನಗಳನ್ನು ಒಟ್ಟುಸೇರಿಸಿ 2022ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ವಯಸ್ಕರಲ್ಲಿ ಸುಮಾರು 100ಕ್ಕೆ 38 ಮಂದಿಗೆ ಫ್ಯಾಟಿ ಲಿವರ್ ಇದೆ. ತೆಳ್ಳಗಿದ್ದವರೆಲ್ಲ ಪಾರು ಎಂದೂ ಅಲ್ಲ. ಕೈಕಾಲು ಸಪುರವಿದ್ದು ಹೊಟ್ಟೆ ಮಾತ್ರ ಮುಂದೆ ಬಂದ ದೇಹ ನಮ್ಮಲ್ಲಿ ಬಹಳ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ದಾಟಿದರೆ ಎಚ್ಚರ ಬೇಕು.

ದಾನದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಇದರ ಬಗ್ಗೆ ಯಾರೂ ಮಾತನಾಡುವುದನ್ನು ನಾನು ಕೇಳಿಲ್ಲ. ಅಂಗ ಮಾರಾಟವನ್ನು ತಡೆಯಲೆಂದು ಕಾನೂನು ಹತ್ತಿರದ ಸಂಬಂಧಿಕರಿಗೆ ಮೊದಲ ಸ್ಥಾನ ಕೊಟ್ಟಿದೆ: ಗಂಡ ಹೆಂಡತಿ, ಹೆತ್ತವರು, ಮಕ್ಕಳು, ಒಡಹುಟ್ಟಿದವರು, 2011ರ ತಿದ್ದುಪಡಿಯ ಬಳಿಕ ಅಜ್ಜ ಅಜ್ಜಿ ಮೊಮ್ಮಕ್ಕಳೂ. ಅಳಿಯ, ಭಾವ, ಸ್ನೇಹಿತ ಕೊಡುವುದಾದರೆ ಸಮಿತಿಯ ಒಪ್ಪಿಗೆ ಬೇಕು. ನಿಯಮ ಒಳ್ಳೆಯದೇ. ಆದರೆ ಹತ್ತಿರದ ಸಂಬಂಧಿಕರೆಂದರೆ ಒಂದೇ ಅಡುಗೆಮನೆಯಲ್ಲಿ ಉಂಡವರು, ಒಂದೇ ರಕ್ತದವರು. ತಂದೆಯ ಲಿವರ್ ಕೆಟ್ಟದ್ದು ಸಕ್ಕರೆ ಕಾಯಿಲೆ ಮತ್ತು ಕೊಬ್ಬಿನಿಂದಲಾದರೆ ಮಗನ ಲಿವರಿನಲ್ಲೂ ಅದೇ ಬೀಜ ಇರುವ ಸಂಭವ ಹೆಚ್ಚು. ಒಂದೇ ಹಲಗೆಯ ಎರಡು ಸಸಿಗಳಲ್ಲಿ ಒಂದಕ್ಕೆ ರೋಗ ಕಂಡರೆ ರೈತನಾದವನು ಇನ್ನೊಂದನ್ನು ನೋಡದೆ ಬಿಡುತ್ತಾನೆಯೇ? ಆದ್ದರಿಂದ ನಾನು ಹೇಳುವುದು, ಮನೆಯಲ್ಲಿ ಒಬ್ಬರಿಗೆ ಸಿರೋಸಿಸ್ ಎಂದು ಗೊತ್ತಾದ ದಿನವೇ ಉಳಿದವರ ತಯಾರಿ ಸುರುವಾಗಬೇಕು. ಸಿರೋಸಿಸ್ ಇದ್ದವರೆಲ್ಲರಿಗೂ ಲಿವರ್ ಬದಲಾಯಿಸಬೇಕಾಗಿ ಬರುವುದಿಲ್ಲ. ಬಂದರೂ ಅನೇಕರಿಗೆ ತಿಂಗಳುಗಳು, ವರ್ಷಗಳು ಸಿಗುತ್ತವೆ. ಆ ಸಮಯವನ್ನು ಹರಕೆ, ಮದ್ದು, ಮನವಿಗಳಲ್ಲಿ ಕಳೆದು, ಕೊನೆಗೆ "ಎರಡು ವಾರದಲ್ಲಿ ದಾನಿಯನ್ನು ತನ್ನಿ" ಎಂದಾಗ ಓಡಾಡುವುದು ಬುದ್ಧಿವಂತಿಕೆಯಲ್ಲ.

ತಯಾರಿ ಅಂದರೇನು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆಯಿದೆ. ತೃಶೂರು ಜಿಲ್ಲೆಯ ವ್ಯಕ್ತಿಯೊಬ್ಬರಿಗೆ ಲಿವರ್ ಕೆಟ್ಟು ಅದರಲ್ಲಿ ಕ್ಯಾನ್ಸರೂ ಕಾಣಿಸಿಕೊಂಡಿತು. ಕುಟುಂಬದಲ್ಲಿ ತಕ್ಕ ದಾನಿ ಸಿಗಲಿಲ್ಲ. ಹನ್ನೆರಡನೇ ತರಗತಿಯಲ್ಲಿ ಓದುತ್ತಿದ್ದ ಮಗಳು ತಾನೇ ಕೊಡುವೆನೆಂದಳು. ಆಕೆಗೆ ಆಗ 17 ವರ್ಷ. 18 ತುಂಬದವರು ಬದುಕಿರುವಾಗ ಅಂಗ ಕೊಡುವುದನ್ನು ಕಾನೂನು ಒಪ್ಪುವುದಿಲ್ಲ. ಹುಡುಗಿ ಕೇರಳ ಹೈಕೋರ್ಟಿಗೆ ಹೋದಳು. ತಜ್ಞರು ಆಕೆಯನ್ನು ಕಂಡು ವರದಿ ಕೊಟ್ಟ ಬಳಿಕ 2022ರ ಡಿಸೆಂಬರಿನಲ್ಲಿ ನ್ಯಾಯಾಲಯ ಅನುಮತಿ ನೀಡಿತು. 2023ರ ಫೆಬ್ರವರಿ 9ರಂದು ಆಲುವದ ರಾಜಗಿರಿ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆ ನಡೆಯಿತು, ಆಕೆಯ ಧೈರ್ಯ ಕಂಡು ಆಸ್ಪತ್ರೆ ಬಿಲ್ಲನ್ನೂ ಬಿಟ್ಟುಕೊಟ್ಟಿತು. ಪತ್ರಿಕೆಗಳಲ್ಲಿ ಎಲ್ಲರೂ ಕೋರ್ಟಿನ ವಿಷಯವನ್ನು ಓದಿ ಮೆಚ್ಚಿದರು. ನನಗೆ ಮುಖ್ಯವೆಂದು ಕಂಡದ್ದು ಇನ್ನೊಂದು ಸಾಲು. ತನ್ನ ಲಿವರ್ ದಾನಕ್ಕೆ ಒಳ್ಳೆಯ ಸ್ಥಿತಿಯಲ್ಲಿರಬೇಕೆಂದು ಆ ಹುಡುಗಿ ಊಟದ ಕ್ರಮವನ್ನು ಪೂರ್ತಿ ಬದಲಾಯಿಸಿ, ಊರಿನ ವ್ಯಾಯಾಮಶಾಲೆಗೆ ಸೇರಿ ನಿತ್ಯ ವ್ಯಾಯಾಮ ಮಾಡಿದ್ದಳು. ಕೋರ್ಟಿನ ಕೆಲಸ ವಕೀಲರು ಮಾಡಿಯಾರು. ಈ ಕೆಲಸವನ್ನು ಆಕೆಯ ಪರವಾಗಿ ಬೇರೆಯವರು ಮಾಡುವಂತಿರಲಿಲ್ಲ.

ಹದಿಹರೆಯದ ಹುಡುಗಿಗೆ ಇದು ಸಾಧ್ಯವಾದರೆ ಮೂವತ್ತೈದರ ಗಂಡಸಿಗೆ ಏಕೆ ಸಾಧ್ಯವಿಲ್ಲ? ಕೊರಿಯ, ಜಪಾನ್ ಮತ್ತು ನಮ್ಮ ದೇಶದ ಆಸ್ಪತ್ರೆಗಳು ಕೊಬ್ಬಿನ ಕಾರಣದಿಂದ ಹಿಂದೆ ನಿಂತ ದಾನಿಗಳಿಗೆ ನಾಲ್ಕರಿಂದ ಎಂಟು ವಾರಗಳ ಪಥ್ಯ ಮತ್ತು ವ್ಯಾಯಾಮ ಕೊಟ್ಟು, ಮತ್ತೆ ಪರೀಕ್ಷಿಸಿ, ಅವರಲ್ಲಿ ಅನೇಕರಿಂದ ಲಿವರ್ ಪಡೆದಿವೆ. 80 ಕಿಲೊ ತೂಗುವವನು 4 ಕಿಲೊ ಇಳಿಸಿದರೆ ಲಿವರಿನ ಕೊಬ್ಬು ಕಡಿಮೆಯಾಗತೊಡಗುತ್ತದೆ. 6ರಿಂದ 8 ಕಿಲೊ ಇಳಿಸಿದರೆ ಒಳಗಿನ ಉರಿಯೂತವೂ ತಗ್ಗುತ್ತದೆ. ಇದಕ್ಕೆ ದುಬಾರಿ ಪುಡಿಗಳು ಬೇಕಿಲ್ಲ. ಸಕ್ಕರೆ, ಬೇಕರಿ, ಬಾಟಲಿ ಪಾನೀಯ, ಮದ್ಯ ಇವು ಪೂರ್ತಿ ಬಂದ್. ಕುಚ್ಚಲಕ್ಕಿ ಅನ್ನ ಇರಲಿ, ಆದರೆ ಎರಡನೇ ಸಲ ಬಡಿಸುವುದು ಬೇಡ. ಆ ಜಾಗಕ್ಕೆ ಹರಿವೆ, ಬಸಳೆ, ಅಲಸಂಡೆ, ತೊಂಡೆಕಾಯಿಯ ಪಲ್ಯ ಬರಲಿ. ಬಂಗುಡೆ, ಬೂತಾಯಿಯನ್ನು ಹುರಿಯದೆ ಪದಾರ್ಥ ಮಾಡಿ ತಿನ್ನಲಿ. ದಿನಕ್ಕೆ ಮುಕ್ಕಾಲು ಗಂಟೆ ಬೆವರು ಬರುವಂತೆ ನಡೆಯಲಿ. ತೋಟದಲ್ಲಿ ಅಲ್ಲಲ್ಲಿ ನಿಂತು ಮಾತನಾಡುತ್ತಾ ಸುತ್ತುವುದು ನಡಿಗೆಯ ಲೆಕ್ಕಕ್ಕೆ ಬರುವುದಿಲ್ಲ!

ಆದರೆ ಉಪವಾಸ ಬಿದ್ದು ಹತ್ತು ದಿನಗಳಲ್ಲಿ ಇಳಿಸುವ ಆತುರ ಬೇಡ. ಮೇಲೆ ಹೇಳಿದ ದನದ ಕತೆಯನ್ನು ನೆನಪಿಸಿಕೊಳ್ಳಿ. ಮೈತುಂಬಿದ ದನ ಮೇವು ಬಿಟ್ಟಾಗ ಮೈಯ ಕೊಬ್ಬು ಲಿವರಿಗೆ ನುಗ್ಗುತ್ತದೆ. ಊಟ ಬಿಟ್ಟ ಮನುಷ್ಯನಿಗೂ ಅದೇ ಆಗಬಹುದು, ಪಿತ್ತಕೋಶದ ಕಲ್ಲು ಬರುವುದೂ ಉಂಟು. ಎಷ್ಟು ಇಳಿಸಬೇಕು, ಎಷ್ಟು ದಿನಗಳಲ್ಲಿ ಎಂಬುದನ್ನು ದಾನಿಯನ್ನು ಪರೀಕ್ಷಿಸಿದ ಡಾಕ್ಟರೇ ಹೇಳಬೇಕು. ಎಲ್ಲ ಮಾಡಿಯೂ ಕೆಲವರಿಗೆ ಇಳಿಯದೆ ಇರಬಹುದು. ಕೆಲವೊಮ್ಮೆ ರೋಗಿಗೆ ಅಷ್ಟು ಸಮಯವೇ ಇರುವುದಿಲ್ಲ. ಅದು ಯಾರ ತಪ್ಪೂ ಅಲ್ಲ.

ಇನ್ನು ಗುಸುಗುಸು ಮಾತನಾಡುವವರ ವಿಷಯ. ಬಲಭಾಗ ಕೊಟ್ಟ ದಾನಿಗಳಲ್ಲಿ 200ರಿಂದ 500 ಮಂದಿಯಲ್ಲಿ ಒಬ್ಬರು ಸಾಯುವ ಸಾಧ್ಯತೆಯಿದೆ ಎಂದು ವೈದ್ಯಲೋಕ ಸಾಮಾನ್ಯವಾಗಿ ಹೇಳುತ್ತದೆ. ಸೋಂಕು, ಪಿತ್ತ ಸೋರುವುದು ಮುಂತಾದ ತೊಂದರೆಗಳು ಅದಕ್ಕಿಂತ ಎಷ್ಟೋ ಹೆಚ್ಚು ಮಂದಿಗೆ ಬರುತ್ತವೆ. ದಾನಿಗೆ ಎರಡು ಮೂರು ತಿಂಗಳು ಭಾರ ಎತ್ತುವ ಕೆಲಸ ಕೂಡದು. ಅಡಿಕೆ ಕೊಯ್ಲಿನ ಸಮಯದಲ್ಲಿ ಅದರ ಅರ್ಥವೇನೆಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಇಂಥ ಕೆಲಸಕ್ಕೆ ಒಬ್ಬನನ್ನು ಬಲವಂತ ಮಾಡುವ ಹಕ್ಕು ಯಾರಿಗೂ ಇಲ್ಲ. ದಾನಿಗೆ ಆಗುವ ಅಪಾಯವು ರೋಗಿಗೆ ಆಗುವ ಒಳಿತಿಗೆ ತಕ್ಕ ಪ್ರಮಾಣದಲ್ಲಿರಬೇಕು, ದಾನಿ ತಿಳಿದು ಒಪ್ಪಿರಬೇಕು ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ 2296ನೇ ವಿಭಾಗದಲ್ಲಿ ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕಾಗಿಯೇ ಆಸ್ಪತ್ರೆಗಳಲ್ಲಿ ದಾನಿಯೊಡನೆ ಮನೆಯವರಿಲ್ಲದೆ ಪ್ರತ್ಯೇಕ ಮಾತನಾಡುತ್ತಾರೆ. ಮನಸ್ಸಿಲ್ಲವೆಂದು ಅಲ್ಲಿ ಹೇಳಿದವನನ್ನು "ದೇಹ ಹೊಂದುವುದಿಲ್ಲ" ಎಂಬ ಮಾತಿನಿಂದ ಡಾಕ್ಟರು ಕಾಪಾಡುವುದೂ ಇದೆ, ಅದು ಸರಿಯೇ. ಹಿಂದೆ ಬಂದವನು ಕೊಬ್ಬಿನ ಕಾರಣದಿಂದ ಬಂದನೋ ಹೆದರಿ ಬಂದನೋ ಎಂದು ಕೆದಕುವುದು ನೆರೆಕರೆಯವರ ಕೆಲಸವಲ್ಲ.

ಗಂಡಸರು ಹೀಗೆ ಒಬ್ಬೊಬ್ಬರಾಗಿ ಹಿಂದೆ ಬಂದಾಗ ಭಾರ ಬೀಳುವುದು ಹೆಂಗಸರ ಮೇಲೆ. ನಮ್ಮ ದೇಶದಲ್ಲಿ ಲಿವರ್ ಪಡೆದವರಲ್ಲಿ ಗಂಡಸರು ಹೆಚ್ಚು, ಕೊಟ್ಟವರಲ್ಲಿ ಹೆಂಗಸರು ಹೆಚ್ಚು. 2022ರ ಫೆಬ್ರವರಿಯಲ್ಲಿ ಕೋಟ್ಟಯಂ ಮೆಡಿಕಲ್ ಕಾಲೇಜಿನಲ್ಲಿ ಕೇರಳದ ಸರಕಾರಿ ಆಸ್ಪತ್ರೆಗಳಲ್ಲೇ ಮೊದಲ ಬಾರಿಗೆ ಬದುಕಿರುವ ದಾನಿಯ ಲಿವರ್ ಜೋಡಿಸಿದಾಗಲೂ ಕೊಟ್ಟದ್ದು ಹೆಂಡತಿ, ಪಡೆದದ್ದು ಗಂಡ. ಪ್ರೀತಿಯಿಂದ ಕೊಟ್ಟದ್ದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಹೊಟ್ಟೆ ಬೆಳೆಸಿಕೊಂಡ ಮೂವರು ಅಣ್ಣತಮ್ಮಂದಿರು ಎರಡು ತಿಂಗಳು ಬಾಯಿ ಕಟ್ಟಲು ಒಪ್ಪದೆ, ಮದುವೆಯಾಗಬೇಕಾದ ತಂಗಿಯನ್ನೋ ಎಳೆಮಕ್ಕಳ ತಾಯಿಯನ್ನೋ ಮುಂದೆ ಮಾಡಿದರೆ ಅದನ್ನು ತ್ಯಾಗವೆಂದು ಕರೆಯಲು ನನ್ನ ನಾಲಿಗೆ ಏಳುವುದಿಲ್ಲ.

ಇನ್ನು ದಾನಿಯಾಗಲು ಆಗದೆ ಮನೆಗೆ ಮರಳಿದವನು. ಅವನ ಕೈಯಲ್ಲಿರುವ ವರದಿಗೆ ಮನೆಯವರು ಬೆಲೆ ಕಟ್ಟುವುದಿಲ್ಲ, ಆದರೆ ಅದು ಅವನ ಜೀವಕ್ಕೆ ಬಂದ ಮುನ್ನೆಚ್ಚರಿಕೆ. ಫ್ಯಾಟಿ ಲಿವರ್ ಬಹುಕಾಲ ನೋವಿಲ್ಲದೆ ಇರುತ್ತದೆ. ಕೆಲವರಲ್ಲಿ ಅದು ಉರಿಯೂತವಾಗಿ, ಕಲೆಗಟ್ಟಿ, ವರ್ಷಗಳ ಬಳಿಕ ಸಿರೋಸಿಸ್ ಆಗುತ್ತದೆ. ಅದಕ್ಕಿಂತ ಮೊದಲೇ ಸಕ್ಕರೆ ಕಾಯಿಲೆ, ಹೃದಯಾಘಾತ ಬರುವುದೂ ಸಾಮಾನ್ಯ. ಬೇರೆಯವರಿಗೆ ಹತ್ತು ವರ್ಷ ಕಳೆದು ತಿಳಿಯುವ ವಿಷಯ ಇವನಿಗೆ ತಂದೆಯ ನೆಪದಲ್ಲಿ ಈಗಲೇ ತಿಳಿಯಿತು. ವರದಿಯನ್ನು ಪೆಟ್ಟಿಗೆಯಲ್ಲಿಡದೆ ಊರಿನ ಡಾಕ್ಟರಿಗೆ ತೋರಿಸಲಿ. ವಯಸ್ಸು, ಎಸ್.ಜಿ.ಒ.ಟಿ., ಎಸ್.ಜಿ.ಪಿ.ಟಿ., ಪ್ಲೇಟ್‌ಲೆಟ್ ಎಣಿಕೆ ಇವಿಷ್ಟರಿಂದ ಎಫ್.ಐ.ಬಿ.-4 ಎಂಬ ಅಂಕ ತೆಗೆದು ಕಲೆಗಟ್ಟುವ ಅಪಾಯ ಎಷ್ಟೆಂದು ಅಂದಾಜು ಮಾಡಬಹುದು, ಅದಕ್ಕೆ ಹೆಚ್ಚು ಖರ್ಚಿಲ್ಲ. ಅಂಕ ಹೆಚ್ಚಿದ್ದರೆ ಮಾತ್ರ ಫೈಬ್ರೊಸ್ಕ್ಯಾನಿಗೆ ಹೋದರಾಯಿತು. 2021ರಲ್ಲಿ ಕೇಂದ್ರ ಸರಕಾರ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಫ್ಯಾಟಿ ಲಿವರನ್ನೂ ಸೇರಿಸಿದೆ. ಆದ್ದರಿಂದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದನ್ನು ಕೇಳಲು ಸಂಕೋಚಪಡಬೇಕಿಲ್ಲ.

ಕೊನೆಗೆ ಮದ್ದಿನ ವಿಚಾರ. ಲಿವರ್ ಎಂದ ಕೂಡಲೆ ನೆಲನೆಲ್ಲಿ, ಅಮೃತಬಳ್ಳಿ ಎಂದು ಕಷಾಯ ಕಾಯಿಸುವ ಅಭ್ಯಾಸ ನಮ್ಮ ಹಿತ್ತಿಲುಗಳಲ್ಲಿ ಬಲವಾಗಿದೆ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ 6 ಮಂದಿಯಲ್ಲಿ ಲಿವರಿಗೆ ಪೆಟ್ಟಾದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ದಾನಿಯಾಗಿ ಪರೀಕ್ಷೆಗೆ ಹೋಗುವವರು ಇಂಥ ಯಾವುದನ್ನೂ ತಾವಾಗಿ ಕುಡಿಯಬಾರದು, ಕುಡಿದಿದ್ದರೆ ಡಾಕ್ಟರಿಂದ ಮುಚ್ಚಿಡಬಾರದು. ರಕ್ತ ಪರೀಕ್ಷೆಯಲ್ಲಿ ಏರುಪೇರು ಕಂಡು, ಕಾರಣ ತಿಳಿಯದೆ ವಾರಗಟ್ಟಲೆ ದಿನ ಹೋದೀತು. ಕಾಫಿ ಕುಡಿಯಬಹುದೇ ಎಂದು ಕೇಳುವವರಿಗೆ ಉತ್ತರ: ಧಾರಾಳವಾಗಿ ಕುಡಿಯಬಹುದು. ದಿನಕ್ಕೆ ಎರಡು ಮೂರು ಲೋಟ ಕಾಫಿ ಕುಡಿಯುವವರಲ್ಲಿ ಲಿವರ್ ಕಲೆಗಟ್ಟುವುದು ಕಡಿಮೆಯೆಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ಮಾತ್ರ ಹಾಕಬೇಡಿ, ಬೆಲ್ಲವನ್ನೂ.